ಚಿಲಕ ಹಿಡಿದ ಲೂಷಿಯಸ್

ಲೂಷಿಯಸ್ ಗ್ಯಾಂಟ್ ಇಪ್ಪತ್ತಾರು ವರ್ಷ ಬಿಳಿಯರ ಚರ್ಚಿನ ಬೆಂಚುಗಳನ್ನು ಒರೆಸಿದ. ಒಂದು ದಿನವೂ ಅವುಗಳ ಮೇಲೆ ಕೂರಲಿಲ್ಲ. ಯಾವ ಬೆಂಚು ಯಾವ ಮನೆತನದ್ದು, ಯಾರ ಮಗು ಅದರಡಿ ಚೂಯಿಂಗ್ ಗಮ್ ಅಂಟಿಸುತ್ತದೆ, ಎಲ್ಲ ಅವನಿಗೆ ಗೊತ್ತಿತ್ತು. ಭಾನುವಾರ ಅಲ್ಲಿ ಗುಡಿಸಿ, ಗಂಟೆ ಹೊಡೆದು, ಮಧ್ಯಾಹ್ನ ರೈಲು ಹಳಿಯ ಆಚೆ ನಮ್ಮ ಕರಿಯರ ಬೆತೆಲ್ ಚರ್ಚಿಗೆ ಬಂದರೆ ಅವನು ಸಭೆಯ ಹಿರಿಯ, ಮೊದಲ ಸಾಲಿನವನು. ಅಮೆರಿಕದ ಜಾರ್ಜಿಯಾದ ಆ ಊರಿನಲ್ಲಿ ದೇವರು ಒಬ್ಬನೇ ಎಂದು ಹಳಿಯ ಎರಡೂ ಕಡೆ ಹೇಳುತ್ತಿದ್ದರು. ಹೇಳುವುದಕ್ಕೇನು!

ಸಾವಿರದ ಒಂಬೈನೂರ ಅರವತ್ಮೂರರ ಬೇಸಿಗೆಯಲ್ಲಿ ನಮ್ಮವರು ಒಂದು ತೀರ್ಮಾನಕ್ಕೆ ಬಂದರು. ಭಾನುವಾರ ನಮಗೆ ಪ್ರವೇಶವಿಲ್ಲದ ಬಿಳಿಯರ ಚರ್ಚಿಗೇ ಹೋಗುವುದು. ಒಳಗೆ ಬಿಡದಿದ್ದರೆ ಮೆಟ್ಟಿಲ ಮೇಲೆ ಮೊಣಕಾಲೂರಿ ಪ್ರಾರ್ಥಿಸುವುದು. ಹೊಡೆದರೂ ಕೈ ಎತ್ತುವಂತಿಲ್ಲ. ಮುಂದಾಳು ಎಪ್ಪತ್ನಾಲ್ಕರ ಪರ್ಲೀನಮ್ಮ. ಲೂಷಿಯಸ್‌ಗೆ ಚಿಕ್ಕಂದಿನಲ್ಲಿ ಬೈಬಲ್ ಹಿಡಿದು ಅಕ್ಷರ ಕಲಿಸಿದವರು.

ಶನಿವಾರ ಬಿಳಿಯರ ಚರ್ಚಿನ ಆಡಳಿತ ನೋಡುತ್ತಿದ್ದ ಹಾಲ್ಕಂಬ್ ಅವನನ್ನು ಕರೆಸಿದ.

"ನಾಳೆ ನಿಮ್ಮೋರು ಬರ್ತಾರಂತಲ್ಲೋ. ಬಾಗಿಲಲ್ಲಿ ನೀನೇ ನಿಂತ್ಕೋ. ಜಾಗ ಇಲ್ಲ ಅಂತ ಹೇಳು. ನಾವು ಹೇಳಿದ್ರೆ ಪೇಪರಿನೋರು ಫೋಟೋ ತೆಗೀತಾರೆ."

"ಸಾಹೇಬ್ರೇ, ಅವರು ನಮ್ಮ ಸಭೆಯೋರು..."

"ಗೊತ್ತು. ನಿನ್ನ ಹೆಂಡ್ತಿ ಒಡೆಸ್ಸಾ ಕಾಲು ಹೇಗಿದೆ? ಆ ಮನೆ ಅವಳಿಗೆ ಅನುಕೂಲವಾಗಿದೆ ತಾನೇ?"

ಚರ್ಚಿನ ಹಿಂದಿನ ಎರಡು ಕೋಣೆಯ ಮನೆ ಕೆಲಸದ ಜೊತೆಗೇ ಸಿಕ್ಕಿದ್ದು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡ ಹೆಂಡತಿ ಅಲ್ಲಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅವನು ಬಂದು ವಿಷಯ ಹೇಳಿದಾಗ ಅವಳು ನಕ್ಕಳು.

"ನಿಲ್ಲು ಅಂದ್ರೆ ನಿಲ್ಲಬೇಕಪ್ಪ. ಇರೋ ಒಂದು ಕಾಲಲ್ಲಿ ನಾನೆಲ್ಲಿಗೆ ಓಡ್ಲಿ?"

"ಹುಷಾರಿಲ್ಲ ಅಂತ ಮಲಕ್ಕೊಂಡುಬಿಡ್ಲಾ?"

"ನಿನ್ನ ಮುಖ ನೋಡಿದ್ರೆ ಯಾರಾದ್ರೂ ನಂಬ್ತಾರೆ. ಮುಂದಿನ ಭಾನುವಾರ ಏನ್ಮಾಡ್ತೀಯ?"

ಅವನು ಎದ್ದು ನಾಳೆಗೆಂದು ಬೂಟು ಒರೆಸತೊಡಗಿದ.

ಮರುದಿನ ಪರ್ಲೀನಮ್ಮ ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟು ನಾಲ್ವರೊಂದಿಗೆ ಮೆಟ್ಟಿಲು ಹತ್ತಿದರು.

"ಜಾಗ ಇಲ್ಲಮ್ಮ," ಎಂದ ಲೂಷಿಯಸ್. ಅವನ ಬೆನ್ನ ಹಿಂದೆ ಮೂರು ಬೆಂಚು ಖಾಲಿ ಇದ್ದವು.

"ಕಾಣ್ತಾ ಇದೆಯಲ್ಲೋ ಮಗಾ. ಸರಿ, ಬಾಗಿಲು ಹಾಕ್ಕೋ. ನಿನ್ನ ಕೆಲಸ ನೀನು ಮಾಡು, ನಮ್ಮದು ನಾವು ಮಾಡ್ತೀವಿ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಾಗಿಲು ಹಾಕಿ, ಒಳಗಿನಿಂದ ಚಿಲಕ ಜಡಿದು, ಅದನ್ನು ಹಿಡಿದೇ ನಿಂತ. ಹೊರಗೆ ಪೊಲೀಸರು ನಾಲ್ವರನ್ನು ವ್ಯಾನಿಗೆ ತಳ್ಳುವ ಸದ್ದು ಕೇಳಿಸಿತು. ಉಳಿದವರು ಪರ್ಲೀನಮ್ಮ ಒಬ್ಬರೇ. ಅವರು ಪ್ರಾರ್ಥನೆ ಶುರುಮಾಡಿದರು.

ನಮ್ಮಲ್ಲಿ ಯಾರೂ ಒಂಟಿಯಾಗಿ ಪ್ರಾರ್ಥಿಸುವುದಿಲ್ಲ. ಒಬ್ಬರು ಒಂದು ಮಾತು ಹೇಳಿ ನಿಲ್ಲಿಸಬೇಕು, ಸಭೆ "ಹೌದು ಕರ್ತನೇ" ಎಂದು ಹಿಡಿದೆತ್ತಬೇಕು. ಬಿಳಿಯರಲ್ಲಾದರೋ ಪ್ರಾರ್ಥನೆಯಲ್ಲಿ ಯಾರೂ ಕೆಮ್ಮುವುದೂ ಇಲ್ಲ.

"ತಂದೆಯೇ, ಈ ಬಾಗಿಲ ಒಳಗೆ ನಾನು ಅಕ್ಷರ ಕಲಿಸಿದ ಮಗ ಲೂಷಿಯಸ್ ಇದ್ದಾನೆ," ಎಂದು ಪರ್ಲೀನಮ್ಮ ನಿಲ್ಲಿಸಿದರು.

ಅವನು ತುಟಿ ಕಚ್ಚಿದ.

"ಒಡೆಸ್ಸಾ ತಲೆ ಮೇಲಿನ ಸೂರು ಉಳಿಸು." ಮತ್ತೆ ನಿಲ್ಲಿಸಿದರು. ಹಿಡಿದೆತ್ತಲು ಹೊರಗೆ ಯಾರೂ ಉಳಿದಿರಲಿಲ್ಲ.

"ತಾನು ಒಬ್ಬನೇ ಅಂದುಕೊಂಡಿದ್ದಾನೆ. ಅವನ ಜೊತೆಗಿರು ತಂದೆಯೇ."

"ಹೌದು ಕರ್ತನೇ!"

ಬಾಯಿ ತಾನಾಗಿ ಅಂದುಬಿಟ್ಟಿತ್ತು. ಮುನ್ನೂರು ತಲೆಗಳು ತಿರುಗಿದವು. ಹಾಲ್ಕಂಬ್ ಮುಂದಿನ ಬೆಂಚಿನಿಂದೆದ್ದು, "ಬಾಯಿ ಮುಚ್ಚೋ!" ಎನ್ನುತ್ತ ಧಾವಿಸಿದ. ಹೊರಗೆ ಪರ್ಲೀನಮ್ಮನ ದನಿ ಏರಿತು: "ಭಯಪಡೋರನ್ನ ಕೈಬಿಡಬೇಡ!"

ಲೂಷಿಯಸ್‌ಗೆ ಭಯ ಹೋಗಿರಲಿಲ್ಲ. ಹಾಲ್ಕಂಬ್‌ನ ಮುಖ ನೋಡುತ್ತಲೇ, ಈ ಸಲ ಬೇಕೆಂದೇ, ಗಂಟಲು ಬಿಟ್ಟು ಹೇಳಿದ: "ಹೌದು ಕರ್ತನೇ!" ಪೊಲೀಸರು ಪರ್ಲೀನಮ್ಮನನ್ನು ಹೊತ್ತೊಯ್ಯುವವರೆಗೂ ಒಂದೊಂದು ಮಾತಿಗೂ ಹೇಳಿದ.

ಸಂಜೆಯೊಳಗೆ ಮನೆ ಖಾಲಿ ಮಾಡಬೇಕೆಂದು ಹಾಲ್ಕಂಬ್ ಅಲ್ಲಿಯೇ ಹೇಳಿ ಮುಗಿಸಿದ. ಲೂಷಿಯಸ್ ಮನೆಗೆ ಬಂದಾಗ ಒಡೆಸ್ಸಾ ಹಾಸಿಗೆಯ ಮೇಲೆ ಎದ್ದು ಕೂತು ಬಟ್ಟೆ ಮಡಚುತ್ತಿದ್ದಳು.

"ಕಿಟಕಿಯಿಂದ ಎಲ್ಲ ಕೇಳಿಸ್ತು," ಎಂದಳು. "ಮೊದಲನೇದಕ್ಕಿಂತ ಎರಡನೇದು ಜೋರಾಗಿತ್ತು. ಬಾಗಿಲು ತೆಗೆದ್ಯಾ?"

ಪ್ರಾರ್ಥನೆ ಮುಗಿಯುವವರೆಗೂ ಚಿಲಕ ಅವನ ಕೈಯಲ್ಲೇ ಇತ್ತು. ಇಲ್ಲವೆಂದು ತಲೆಯಾಡಿಸಿದ. ಮನೆ ಹೋದದ್ದಕ್ಕೆ ಅಳದವನು ಅದಕ್ಕೆ ಅತ್ತ.