ಮಡಿಕೆ ಬಿಚ್ಚುವ ಟೇಲರ್

ಸವದತ್ತಿಯ ಟೇಲರ್ ಗೌರೀಶಪ್ಪನವರು ಯಾವ ಮಗುವಿಗೂ ಅಳತೆಗೆ ಸರಿಯಾಗಿ ಯೂನಿಫಾರ್ಮ್ ಹೊಲಿದವರಲ್ಲ. "ಹುಡುಗೂರು ಬೆಳಿತಾವ್ರಿ, ಒಳಗ ಮಡಚಿ ಹೊಲದೇನಿ, ಬೇಕಾದಾಗ ಬಿಚ್ಚಿ ಕೊಡತೇನಿ" ಎನ್ನುತ್ತಾರೆ. ಅವರು ಹೊಲಿದ ಚಡ್ಡಿ ತೊಟ್ಟ ಹುಡುಗ ಮೊದಲ ವರ್ಷ ಡೇರೆಯೊಳಗೆ ನಿಂತಂತೆ ಕಾಣುತ್ತಾನೆ. ಕೊರೋನಾದಲ್ಲಿ ಶಾಲೆಗೆ ಬೀಗ ಬಿದ್ದಾಗ, ಯೂನಿಫಾರ್ಮಿಗೆಂದು ತಂದು ಉಳಿದ ಚೆಕ್ಸ್ ಬಟ್ಟೆಯಲ್ಲೇ ಮಾಸ್ಕ್ ಹೊಲಿದು ಮಾರಿ ಹೊಟ್ಟೆ ಹೊರೆದರು. ಊರಿನ ಅಜ್ಜಂದಿರು, ಪೊಲೀಸರು ಎಲ್ಲರೂ ಒಂದೇ ಶಾಲೆಯ ಮಕ್ಕಳಂತೆ ಓಡಾಡಿದರು. ಆ ಮಾಸ್ಕುಗಳೂ ಕಣ್ಣು ಮುಚ್ಚುವಷ್ಟು ದೊಡ್ಡವೇ. "ಮುಖಾನೂ ಬೆಳಿತೈತೇನ್ರಿ?" ಎಂದು ಕೊಂಡವರು ಕೇಳಿದರೆ, "ಮೀಸಿ ಬೆಳಿಯಂಗಿಲ್ಲೇನ್ರಿ?" ಎನ್ನುತ್ತಿದ್ದರು. ಯಾರೂ ಒಯ್ಯದೆ ಅಂಗಡಿಯಲ್ಲಿ ತೂಗುತ್ತಿದ್ದ ಯೂನಿಫಾರ್ಮುಗಳ ಮಡಿಕೆಯನ್ನು ಆಗಾಗ ಬೆರಳಷ್ಟು ಬಿಚ್ಚುತ್ತ, ಮನೆಯಲ್ಲಿ ಕೂತ ಮಕ್ಕಳನ್ನು ಅಂದಾಜಿನಲ್ಲೇ ಬೆಳೆಸಿದರು. ಶಾಲೆ ತೆರೆದಾಗ ಅವೆಲ್ಲ ಮೈಗೆ ಸರಿಹೋದವು. ಉಳಿದದ್ದು ಹೂಲಿಯ ರೇಣುವಿನ ಲಂಗ ಒಂದೇ. ಏಳನೇ ತರಗತಿಯ ಆ ಹುಡುಗಿಗೆ ಶಾಲೆ ಮುಚ್ಚಿದ್ದಾಗಲೇ ಮದುವೆ ಮಾಡಿಬಿಟ್ಟಿದ್ದರು. "ಯಾರಿಗರ ಕೊಟ್ಟುಬಿಡ್ರಿ ಅದನ್ನ" ಎಂದರೆ ಗೌರೀಶಪ್ಪನವರು ತಲೆ ಎತ್ತುವುದಿಲ್ಲ. "ನಾಳೆ ಆಕಿ ಸಾಲಿಗೆ ಬಂದ್ರ ಗಿಡ್ಡ ಆಗಬಾರದಲ್ರಿ" ಎಂದು ಇನ್ನೊಂದು ಮಡಿಕೆ ಬಿಚ್ಚುತ್ತಾರೆ.