ಸಾ ಬಿಟ್ಟು ನುಡಿಸಿದ ಶನಿವಾರ

ಹೋದ ಶನಿವಾರದ ಹಿಂದಿನ ಶನಿವಾರ ನನ್ನಿಂದಾಗಿ ದೇವರ ಭಜನೆ ಅರ್ಧಕ್ಕೆ ನಿಂತುಹೋಯಿತು.

ಕರೆಂಟ್ ಹೋಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ನಾರಾಯಣಪ್ಪನವರು ತಿದಿ ಒತ್ತುವುದನ್ನು ನಿಲ್ಲಿಸಿ ನನ್ನ ಗಿಟಾರಿನ ಕಡೆ ನೋಡಿದರು. ಹಾಡುತ್ತಿದ್ದ ಬಾಯಿಗಳು ಒಂದೊಂದಾಗಿ ಮುಚ್ಚಿಕೊಂಡವು.

"ಏನಮ್ಮಾ ಅದು? ಸಾ ಇಲ್ಲ, ಪಾ ಇಲ್ಲ. ದೇವ್ರ ಮುಂದೆ ಹಿಂಗಾ ನುಡ್ಸೋದು? ಮುಂದಿನ ವಾರ ಮೊದ್ಲಿನಂಗೆ ನುಡ್ಸಂಗಿದ್ರೆ ಗಿಟಾರ್ ತಗೊಂಡು ಬಾ. ಇಲ್ಲಾಂದ್ರೆ ತಾಳ ಹಿಡ್ಕೊಂಡು ಹೆಂಗಸ್ರ ಕಡೆ ಕೂತ್ಕೊ."

ಹೆಂಗಸರ ಕಡೆ! ನನಗೆ ಉರಿದದ್ದು ಅಲ್ಲಿ. ಚಿಂತಾಮಣಿಯ ನಮ್ಮ ಭಜನೆ ಮನೆಯಲ್ಲಿ ಮುಂದಿನ ಚಾಪೆ ವಾದ್ಯದವರದು. ವಾದ್ಯದವರು ಅಂದರೆ ಗಂಡಸರು. ಹೆಂಗಸರದು ಹಿಂದಿನ ಜಮಖಾನ; ಗಂಡಸರು ಹೇಳಿಕೊಟ್ಟದ್ದನ್ನು ಇವರು ಹೇಳಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ, ಐವತ್ತಮೂರು ತುಂಬಿದ ನನಗೆ ಆ ಜಮಖಾನದಿಂದ ಈ ಚಾಪೆಗೆ ಬರಲು ಮೂರು ವರ್ಷ ಹಿಡಿಯಿತು. (ನಡುವೆ ಇರುವುದು ಮೂರೇ ಅಡಿ.)

ನಾನು ಮಾಡಿದ ಅಪರಾಧವಾದರೂ ಏನು? ಜಾಜ್ ಕಲಿಯುತ್ತಿರುವುದು.

ನಗಬೇಡಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟುಕೊಂಡಿರುವ ನಯಾಜ್ ಭಾಯ್ ಪ್ರಾಯದಲ್ಲಿ ಬೆಂಗಳೂರಿನ ಹೋಟೆಲ್ ಬ್ಯಾಂಡುಗಳಲ್ಲಿ ಗಿಟಾರ್ ನುಡಿಸಿದವರು. ಎರಡು ತಿಂಗಳಿಂದ ಪ್ರತಿ ಭಾನುವಾರ ಬಸ್ ಹತ್ತಿ ಅವರ ಹತ್ತಿರ ಹೋಗುತ್ತೇನೆ. ರೇಷ್ಮೆಗೂಡು ಬೇಯಿಸುವ ವಾಸನೆಯ ನಡುವೆ ಪಾಠ. ಮೊದಲ ದಿನವೇ ಹೇಳಿದ್ದರು, ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವುದು) ಅಂದ ಮಾತ್ರಕ್ಕೆ ಆರೂ ತಂತಿ ಬಾರಿಸಬೇಕಿಲ್ಲ ಅಂತ. ಯಾವ ಸ್ವರ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಮೇಲಿಡಬೇಕು ಅನ್ನುವುದಕ್ಕೇ ವಾಯ್ಸಿಂಗ್ ಅಂತ ಹೆಸರು. ಮೊದಲು ಬಿಡಬೇಕಾದ್ದು ಆಯಾ ಕಾರ್ಡಿನ ಸಾ ಮತ್ತು ಪಾ. ಗಾ, ನಿ ಇದ್ದರೆ ಸಾಕು. ಆಮೇಲೆ ಒಂದೇ ಬೆರಳನ್ನು ಒಂದು ಮೆಟ್ಟು (ಫ್ರೆಟ್) ಹಿಂದಕ್ಕೆ ಸರಿಸಿದರೆ ಇನ್ನೊಂದು ಕಾರ್ಡ್! ಎಂಥ ಸುಖ ಅಂತೀರಿ? ಆ ಸುಖವನ್ನೇ ನಾನು ಭಜನೆಗೆ ಹೊತ್ತುಕೊಂಡು ಹೋದದ್ದು.

ಮಾರನೇ ದಿನ ಭಾನುವಾರ. ನಯಾಜ್ ಭಾಯ್ ಮುಂದೆ ಕೂತು ಎಲ್ಲ ಹೇಳಿದೆ. "ಮನೇಲಿ ಹೆಂಗೆ ಪ್ರಾಕ್ಟೀಸ್ ಮಾಡ್ತೀರೋ ಹಂಗೇ ತೋರ್ಸಿ" ಅಂದರು. ಗಿಟಾರ್ ತೆಗೆದೆ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿದೆ. ಶ್ರುತಿ ಇಲ್ಲದೆ ಅಭ್ಯಾಸಕ್ಕೆ ಕೂರುವುದುಂಟೇ? ಚಿಕ್ಕಂದಿನಿಂದ ಬಂದ ರೂಢಿ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾ ಅಲ್ಲಾ! ಎರಡ್ ತಿಂಗ್ಳಿಂದ ಇದನ್ನ ಹಾಕ್ಕೊಂಡೇ ನುಡಿಸ್ತಿದೀರಾ? ಮೇಡಂ, ತಂಬೂರಿ ಸಾ ನಿಂತ ಕಡೇನೇ ನಿಂತಿದ್ರೆ ಕಾರ್ಡ್ ಎಲ್ಲಿಗೆ ಹೋಗ್ಬೇಕು? ಎರಡೂ ಜಗಳ ಆಡ್ತವೆ."

ಭಜನೆಯಲ್ಲೂ ಹಾರ್ಮೋನಿಯಂ ಸಾ ಹಿಡಿದೇ ಇರುತ್ತದಲ್ಲ; ಅಂದರೆ ಮೇಷ್ಟ್ರ ಕಿವಿ ಸರಿಯಾಗಿಯೇ ಇತ್ತು. ಒಪ್ಪಿಕೊಳ್ಳುತ್ತೇನೆ, ಸಂಕಟದಿಂದಲೇ. ಆ ಜಗಳವನ್ನೇ ಜಾಜ್ ಅಂದುಕೊಂಡು ಕೇಳಿ ಕೇಳಿ ನನಗದು ತಿಳಿದಿರಲೇ ಇಲ್ಲ.

"ಹಂಗಾದ್ರೆ ಭಜನೇಲಿ ಮೊದ್ಲು ನುಡಿಸ್ತಿದ್ದ ಹಳೇ ಮೂರು ಕಾರ್ಡಿಗೇ ವಾಪಸ್ ಹೋಗ್ಲಾ?" ಅಂದೆ.

"ಯಾಕೆ? ಹಾರ್ಮೋನಿಯಂನವ್ರು ಸಾ, ಪಾ ಕೊಡ್ತಾನೇ ಇದಾರಲ್ಲ. ಅದನ್ನೇ ನೀವೂ ಯಾಕೆ ಕೊಡ್ಬೇಕು? ನಿಮ್ಮ ಕಾರ್ಡ್ ಓಡಾಡೋದು ಬೇಡ. ಅವರ ಸಾ ಮೇಲೆ ಗಾ, ದಾ ಇಡಿ. ಎರಡೇ ತಂತಿ, ಮೆತ್ತಗೆ."

ಬಸ್ಸಿನಲ್ಲಿ ವಾಪಸ್ ಬರುವಾಗಲೂ ತಲೆಯಲ್ಲಿ ಅದೇ ಮಾತು: ಅವರು ಕೊಟ್ಟದ್ದನ್ನೇ ನಾನೂ ಯಾಕೆ ಕೊಡಬೇಕು? ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆ ಮಾತುಕತೆಯಲ್ಲಿ ನಮ್ಮಂಥ ಹೆಂಗಸರಿಂದ ಕೇಳುವುದೂ ಇದನ್ನೇ ಅಲ್ಲವೇ? ಆಗಲೇ ಹೇಳಿಯಾದದ್ದನ್ನು ಇನ್ನೊಂದು ಸಲ ಹೇಳಿ, ಹೌದೌದು ಅನ್ನಿ. ಬೇರೆ ಮಾತು ತೆಗೆದರೆ ಹಿಂದಕ್ಕೆ ಹೋಗಿ ಕೂತುಕೊಳ್ಳಿ. ಇಷ್ಟು ವರ್ಷ ಹೌದೌದು ಅಂದದ್ದು ಸಾಕು ಅನ್ನಿಸಿತು.

ಹೋದ ಶನಿವಾರ ಗಿಟಾರ್ ಸಮೇತ ಹೋಗಿ ಅದೇ ಚಾಪೆಯ ಮೇಲೆ ಕೂತೆ. ಮೋಹನ ರಾಗದ ಭಜನೆ. ಎರಡೇ ತಂತಿ, ಮೆತ್ತಗೆ. ಗಾ, ದಾ. ಗಾ, ದಾ. ಮೇಷ್ಟ್ರು ಒಮ್ಮೆ ತಲೆ ಎತ್ತಿದರು. ಹಾಡು ನಿಲ್ಲಲಿಲ್ಲ. ಎರಡನೇ ಸುತ್ತಿಗೆ ಅವರ ತಲೆ ತೂಗತೊಡಗಿತು.

ಮಂಗಳಾರತಿ ಆದ ಮೇಲೆ ಎಲ್ಲರ ಮುಂದೆ ಅಂದರು, "ಭೇಷ್! ನೋಡಮ್ಮ, ಇವತ್ತು ಸಾ, ಪಾ ಎಷ್ಟು ಗಟ್ಟಿಯಾಗಿ ಹಿಡ್ದೆ! ಹೇಳಿದ ಮಾತು ಕೇಳಿದ್ರೆ ಹಿಂಗಿರ್ತದೆ."

ಸುಮ್ಮನೆ ತಲೆಯಾಡಿಸಿ ಪ್ರಸಾದ ತಿಂದು ಬಂದಿದ್ದರೆ ಚಾಪೆ ಕಾಯಂ. ಜಮಖಾನದ ಮೇಲಿದ್ದ ಹೆಂಗಸರು ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಮೇಷ್ಟ್ರೇ" ಅಂದೆ. "ಇವತ್ತು ನಾನು ಒಂದ್ಸಲಾನೂ ಸಾ ಮುಟ್ಟಿಲ್ಲ, ಪಾನೂ ಮುಟ್ಟಿಲ್ಲ. ನೀವು ಕೇಳಿಸ್ಕೊಂಡಿದ್ದು ನಿಮ್ದೇ."

ಪ್ರಸಾದದ ದೊನ್ನೆ ಹಿಡಿದಿದ್ದ ಅವರ ಕೈ ಅಲ್ಲೇ ನಿಂತಿತು. "ಅವುನಾ?" ಅಂದರು; ಹೌದಾ ಅನ್ನುವುದು ಸಿಟ್ಟಿಗೋ ಬೆರಗಿಗೋ ತೆಲುಗಿನಲ್ಲಿ ಬಂತು. ದೊನ್ನೆ ಕೆಳಗಿಟ್ಟು ಹಾರ್ಮೋನಿಯಂ ಮುಚ್ಚತೊಡಗಿದರು.

ಇವತ್ತು ಮತ್ತೆ ಶನಿವಾರ. ಗಿಟಾರ್ ಶ್ರುತಿ ಮಾಡಿ ಇಟ್ಟಿದ್ದೇನೆ. ಸಂಜೆ ಅದೇ ಚಾಪೆಯ ಮೇಲೆ ಕೂರುತ್ತೇನೆ. ಎಬ್ಬಿಸುವವರು ಯಾರು, ನೋಡಿಯೇ ಬಿಡೋಣ.