ಕೊಯ್ಲು ಯಂತ್ರದ ಫೋಟೋ ಮಾವ
ಇಬ್ಬನಿ ಆರುವ ತನಕ ಕೊಯ್ಲು ಯಂತ್ರ ಗದ್ದೆಗಿಳಿಯುವುದಿಲ್ಲ. ನಿವೃತ್ತ ಅಂಚೆ ಗುಮಾಸ್ತರಾದ ಫೋಟೋ ಮಾವ ಮಾತ್ರ ಬೆಳಿಗ್ಗೆ ಆರಕ್ಕೇ ಕ್ಯಾಮೆರಾ ಹಿಡಿದು ಬದುವಿನ ಮೇಲೆ ಹಾಜರು. “ಧೂಳು ಸಾಲದಪ್ಪ, ಇನ್ನೊಂದು ಸುತ್ತು ಬಾ!” ಎಂದು ಗದ್ದೆ ಕೊಯ್ದು ಮುಗಿದ ಮೇಲೂ ಕೂಗುತ್ತಾರೆ. “ಪೈರೇ ಮುಗೀತಲ್ಲ ಮಾವ, ಇನ್ನು ನಿಮ್ಮ ತಲೆಕೂದಲು ಕೊಯ್ಲಾ?” ಎನ್ನುತ್ತಾನೆ ಚಾಲಕ. ಮನೆಯಲ್ಲಿ ಹತ್ತೊಂಬತ್ತು ಆಲ್ಬಮ್ಮುಗಳಿವೆ. ಪ್ರತಿ ಚಿತ್ರದ ಕೆಳಗೂ ಯಂತ್ರದ ನಂಬರು, ಅಲಗಿನ ಅಗಲ. “ನನ್ನದೊಂದಾದರೂ ಇದೆಯೇನ್ರೀ?” ಎಂದು ಹೆಂಡತಿ ಕೇಳಿದರೆ, “ನೀನು ಅಷ್ಟು ಧೂಳೆಬ್ಬಿಸಲ್ವಲ್ಲ” ಅನ್ನುತ್ತಾರೆ. ಈ ಸಲ ಕೊಯ್ಲು ಮುಗಿದ ದಿನ ಚಾಲಕ ಯಂತ್ರದಿಂದಿಳಿದು ಬಂದ. “ಕಣ್ಣು ಮಂಜಾಗಿದೆ ಮಾವ, ಇದೇ ನನ್ನ ಕೊನೇ ಕೊಯ್ಲು. ನಾನೂ ಇರೋ ಹಾಗೆ ಒಂದು ತೆಗೀರಿ.” ಮಾವ ಹಿಂದೆ ಸರಿದು ತೆಗೆದರು. ಆಮೇಲೆ ಯಂತ್ರದ ನಂಬರು ಬರೆದುಕೊಳ್ಳುವ ಪುಸ್ತಕ ಬಿಚ್ಚಿ, ಹನ್ನೊಂದು ವರ್ಷದಿಂದ ಬಲ್ಲ ಆ ಚಾಲಕನ ಹೆಸರೇನೆಂದು ಕೇಳಿದರು.